ಜಡೆ ಸಂಘ

ಅರಸೀಕೆರೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ನಾನು ಕಂಡದ್ದು ಇದು: ರೈಲ್ವೆ ಕ್ವಾರ್ಟರ್ಸಿನ ಹಿಂದೆ ನಾಲ್ವರು ಮೀಸೆಯ ಗಂಡಸರು ಹೊಂಗೆಮರಕ್ಕೆ ಜಡೆ ಹಾಕುತ್ತಿದ್ದರು. ಕೊಂಬೆಯಿಂದ ತೆಂಗಿನ ನಾರಿನ ಕಂತೆಗಳು ಇಳಿಬಿದ್ದಿದ್ದವು. ಒಬ್ಬರ ಹಲ್ಲಿನ ನಡುವೆ ಕೆಂಪು ರಿಬ್ಬನ್ನು. ಸುತ್ತ ಏಳೆಂಟು ಮಕ್ಕಳು; ಹೆಂಗಸರು ಒಬ್ಬರೂ ಇಲ್ಲ. ನಮ್ಮ ಗದಗಿನಲ್ಲಿ ಗಂಡಸೊಬ್ಬ ಹೀಗೆ ಮಾಡಿದ್ದರೆ ಅವನನ್ನು ಅಣಕಿಸಿಯೇ ನಾನು ವರ್ಷಪೂರ್ತಿ ನಿಮ್ಮನ್ನೆಲ್ಲ ನಗಿಸುತ್ತಿದ್ದೆ.

ಕಂಡವರ ದನಿ ತೆಗೆದು ಅಣಕಿಸುವ ನನ್ನ ಚಾಳಿ ಗದಗಿನವರಾದ ನಿಮಗೆ ಗೊತ್ತೇ ಇದೆ. ಮೇಷ್ಟ್ರು, ಪೋಸ್ಟ್‌ಮ್ಯಾನ್, ಸ್ವಂತ ಮದುವೆಯ ಪುರೋಹಿತರು, ಯಾರನ್ನೂ ಬಿಟ್ಟವನಲ್ಲ. ಹೆಂಡತಿ ಗಿರಿಜಾ ತೀರಿಕೊಂಡ ಮೂರು ತಿಂಗಳಿಗೆ ಪಾರ್ಸೆಲ್ ಕಚೇರಿಯ ಗುಮಾಸ್ತನಾಗಿ ಇಲ್ಲಿಗೆ ವರ್ಗವಾಯಿತು. ನಾಲ್ಕು ವರ್ಷದ ಮಗಳು ನೀಲಾಳನ್ನು ಎತ್ತಿಕೊಂಡು ಹೊರಟಾಗ ಅತ್ತೆ ಒಂದೇ ಮಾತು ಹೇಳಿದ್ದಳು. ಅವಳು ನನಗೆ ಸೋದರತ್ತೆಯೂ ಹೌದು, ಹೆಣ್ಣು ಕೊಟ್ಟವಳೂ ಹೌದು. "ಗಂಡಸ ಹೆಣ್ಣ ಕೂಸಿನ್ನ ಹೆಂಗ ಬೆಳಸ್ತಾನ? ಯುಗಾದಿಗೆ ಬಂದು ಕರ್ಕೊಂಡ ಹೊಕ್ಕೀನಿ."

ಯುಗಾದಿಗೆ ಇನ್ನು ಎಂಟು ತಿಂಗಳಿತ್ತು.

"ಏನ್ಲಾ, ನೋಡ್ತಾ ನಿಂತ್ಕಂಡೆ? ಮಗೀನ ತಲೆ ಕಾಗೆ ಗೂಡಾಗೈತೆ. ಬಾ, ನಾರು ಹಿಡಿ" ಎಂದರು ರಿಬ್ಬನ್ ಕಚ್ಚಿದ್ದವರು. ಅವರು ರಂಗಪ್ಪಣ್ಣ, ಗೂಡ್ಸ್ ರೈಲಿನ ಗಾರ್ಡು, ಗೆಂಡೆಹಳ್ಳಿಯವರು. ಹೆಂಡತಿ ಇಲ್ಲದೆ ಮೂರು ಮಕ್ಕಳನ್ನು ಸಾಕಿದ್ದವರು. ಒಂಟಿಯಾಗಿ ಮಕ್ಕಳನ್ನು ನೋಡಿಕೊಳ್ಳುವ ಅಪ್ಪಂದಿರು ಪ್ರತಿ ಭಾನುವಾರ ಆ ಮರದಡಿ ಸೇರುತ್ತಿದ್ದರು. ಒಬ್ಬನಿಗೆ ಡ್ಯೂಟಿ ಬಿದ್ದರೆ ಅವನ ಮಕ್ಕಳಿಗೆ ಇನ್ನೊಬ್ಬನ ಮನೆಯಲ್ಲಿ ಊಟ. ಬೀದಿಯ ಹೆಂಗಸರು ಇಟ್ಟ ಹೆಸರು ಜಡೆ ಸಂಘ. ನಿಯಮ ಒಂದೇ: ಮೊದಲ ತಿಂಗಳು ನಾರು, ಆಮೇಲೆ ಕೂದಲು.

ತೆಂಗಿನ ಸೀಮೆಯ ಕೈಗೆ ನಾರು ಸಿಕ್ಕರೆ ಅದು ಹಗ್ಗವಾಗದೆ ಇರುತ್ತದೆಯೇ? ಸಂಘದ ಹುಡುಗಿಯರ ಜಡೆಗೆ ಎಮ್ಮೆ ಕಟ್ಟಬಹುದಿತ್ತು. ನಾನು ಕಲಿತದ್ದೂ ಅದನ್ನೇ. ಮೊದಲ ಸಲ ಹಾಕಿದಾಗ ಬಿಗಿತಕ್ಕೆ ನೀಲಾಳ ಹುಬ್ಬು ಮೇಲೇರಿತು; ದಿನವಿಡೀ ಏನೋ ಅಚ್ಚರಿ ಕಂಡವಳಂತೆ ಓಡಾಡಿದಳು.

ಗದಗಿನಲ್ಲಿ ರೊಟ್ಟಿ ಮುರಿದು ಅಗಿದವರು ಇಲ್ಲಿ ಮುದ್ದೆ ನುಂಗಬೇಕು. ನನ್ನ ಗಂಟಲಿಗೆ ಅದು ತಿಂಗಳುಗಟ್ಟಲೆ ಒಗ್ಗಲಿಲ್ಲ. ನೀಲಾ ವಾರದಲ್ಲಿ ಕಲಿತಳು. ಅಲ್ಲಿ 'ಐತಿ' ಎನ್ನುತ್ತಿದ್ದವಳು ಇಲ್ಲಿ 'ಐತೆ' ಎಂದಳು. ನಾನೂ ಎಂದೆ, ಮೊದಲು ಅಣಕಕ್ಕೆ, ಆಮೇಲೆ ಅಭ್ಯಾಸಕ್ಕೆ. ಗಿರಿಜಾಳ ಮಾತು ಮಾತ್ರ ನನ್ನ ಬಾಯಲ್ಲಿ ಹಾಗೇ ಇತ್ತು. ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದಾಗ ಅವಳ ದನಿ ತೆಗೆದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಹಿತವಾಗುತ್ತಿತ್ತು.

ಕಾರ್ತಿಕದಲ್ಲಿ ಸಂಘದ ಪದ್ಮರಾಜಯ್ಯ ನಮ್ಮನ್ನೆಲ್ಲ ತಮ್ಮೂರಿಗೆ ಕರೆದೊಯ್ದರು. ಹಳೇಬೀಡಿನಲ್ಲಿ ಬಸ್ಸಿಳಿದು ಬಸ್ತಿಹಳ್ಳಿಗೆ ನಡೆದೆವು. ಬಸದಿಯ ಕಂಬಗಳು ಕನ್ನಡಿಯಂತೆ ನುಣುಪು. ಮಕ್ಕಳು ಅದರಲ್ಲಿ ತಮ್ಮ ಮುಖ ನೋಡಿ ಕಿಸಕ್ಕೆಂದು ನಗುತ್ತಿದ್ದರು. ನಗಿಸುವುದರಲ್ಲಿ ಕಂಬಕ್ಕೆ ಸೋಲುವುದೆಂದರೇನು? ಕಂಬದ ಹಿಂದೆ ಅವಿತು ಗಿರಿಜಾಳ ದನಿಯಲ್ಲಿ ಕರೆದೆ: "ನೀಲವ್ವಾ, ಎಲ್ಲಿದ್ದೀ? ಬಾರ ನನ ಕೂಸ."

ನಗು ಕೇಳಿಸಲಿಲ್ಲ. ಇಣುಕಿದರೆ, ನೀಲಾ ಒಂದೊಂದೇ ಕಂಬವನ್ನು ಸುತ್ತಿ, ಅಂಗೈಯಿಂದ ಸವರಿ ನೋಡುತ್ತಿದ್ದಳು. ಕೊನೆಗೆ ನನ್ನ ಬಳಿ ಬಂದು ಮರೆತಿದ್ದ ಗದಗಿನ ಮಾತಿನಲ್ಲಿ ಕೇಳಿದಳು, "ಅಪ್ಪಾ, ಅವ್ವ ಕಲ್ಲಿನಾಗ ಅದಾಳೇನ?"

ರಂಗಪ್ಪಣ್ಣ ನನ್ನನ್ನು ಹೊರಗೆ ಕರೆದರು. "ಯಾರ ದನಿ ಬೇಕಾದ್ರೂ ತೆಗಿ ಕಣೋ. ನನ್ನೂ ಆಡ್ಕೋ. ಅದೊಂದ್ ಬ್ಯಾಡ. ನಾನೂ ಮಕ್ಕಳಿಗೆ ಅವರವ್ವನ ಸೀರೆ ಹೊದ್ದಿಸಿ ಮಲಗಿಸ್ತಿದ್ದೆ. ವಾಸ್ನೆ ಹೋದ ದಿನ ಅವು ಮತ್ತೆ ಅತ್ವು."

ಅಂದಿನಿಂದ ಆ ದನಿಯನ್ನು ತೆಗೆಯಲಿಲ್ಲ. ಒಬ್ಬನೇ ಇದ್ದಾಗಲೂ.

ಯುಗಾದಿಗೆ ಅತ್ತೆ ಬಂದಳು, ನೀಲಾಳ ಬಟ್ಟೆಗೆಂದು ಖಾಲಿ ಟ್ರಂಕ್ ಹೊತ್ತು. ಭಾನುವಾರ ಮರದಡಿ ಕೂತು ಎಲ್ಲ ನೋಡಿದಳು. ನಾನು ಹಾಕಿದ ಜಡೆ ಬಿಚ್ಚಿ ತಾನೇ ಹಾಕಿದಳು. ನೀಲಾ ತಲೆ ಮುಟ್ಟಿಕೊಂಡು, "ಸಡಿಲ ಐತೆ ಅಜ್ಜಿ, ಅಪ್ಪ ಹಾಕಲಿ" ಎಂದಳು. ಅತ್ತೆ ಬಾಚಣಿಗೆಯನ್ನು ನನ್ನ ಕೈಗಿಟ್ಟಳು.

ಮರುದಿನ ಟ್ರಂಕ್ ಖಾಲಿಯಾಗಿಯೇ ರೈಲು ಹತ್ತಿತು. ನೀಲಾ ದೂರದಲ್ಲಿ ರಂಗಪ್ಪಣ್ಣನ ಹೆಗಲ ಮೇಲಿದ್ದಳು. ಅತ್ತೆ ಕಿಟಕಿಯಿಂದ ಬಗ್ಗಿ, ಮೆಲ್ಲಗೆ, "ಶೇಖರಾ, ಒಂದ ಸಲ ಗಿರಿಜಾನ ಹಂಗ ಮಾತಾಡೋ. ಕೂಸಿಗೆ ಕೇಳ್ಸೂದಿಲ್ಲ" ಎಂದಳು.

ಬಾಯಿ ತೆರೆದೆ. ಆ ದನಿಗಾಗಿ ಹುಡುಕಿದೆ. ಆ ರೈಲಿನ ಗಾರ್ಡು ಸೀಟಿ ಊದಿದ. "ಹೋಗ್ಬನ್ನಿ ಅತ್ತೆ" ಎಂಬ ಮಾತು ಹೊರಬಿತ್ತು, ಅಪ್ಪಟ ಅರಸೀಕೆರೆಯದು. ಅತ್ತೆ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು, ರೈಲು ಹೊರಟಿತು.

"ಅಜ್ಜಿ ಊರು ಎಷ್ಟು ದೂರ ಐತೆ?" ಎಂದಳು ಓಡಿಬಂದ ನೀಲಾ. ಸ್ಟೇಷನ್ ಮಾಸ್ತರರ ಮೂಗುದನಿಯಲ್ಲಿ ಶುರು ಮಾಡಿದೆ: ಬಾಣಾವರ, ಕಡೂರು, ಬೀರೂರು... ಅವಳು ಹೊಟ್ಟೆ ಹಿಡಿದು ನಕ್ಕಳು. ಹುಬ್ಬಳ್ಳಿ ದಾಟಿದೆ. ಮುಂದೆ ಗದಗು. ಅದನ್ನು ಯಾರ ದನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ.