ಹಜರೇಸಾಬರ ಚೀಟಿ

ಮೊನ್ನೆ ಶಿಗ್ಗಾವಿಯ ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಒಬ್ಬಾತ ಮೂಲವ್ಯಾಧಿ ಚಿಕಿತ್ಸೆಯ ಜಾಹೀರಾತು ಹಚ್ಚುತ್ತಿದ್ದ. ಬಕೆಟ್ಟಿನಲ್ಲಿ ಕುದಿಸಿದ ಮೈದಾ ಅಂಟು, ದನ ನೆಕ್ಕದಿರಲೆಂದು ಅದರಲ್ಲಿ ಚಿಟಿಕೆ ಮೈಲುತುತ್ತ. ಅದೇ ಊರಿನಲ್ಲಿ ಔಷಧ ಅಂಗಡಿ ಇಟ್ಟುಕೊಂಡವನಿಗೆ ಇಂಥವನನ್ನು ಕಂಡರೆ ಸಿಟ್ಟು ಬರಬೇಕು. ನಾನು ಮೂಗರಳಿಸಿ ನಿಂತುಬಿಟ್ಟೆ. ಹುಳಿ ಹಿಡಿದ ಹಿಟ್ಟಿನ ಆ ವಾಸನೆ ನಿಮಗೆ ಸೇರಲಿಕ್ಕಿಲ್ಲ; ನನಗೆ ಮಾತ್ರ ಅದು ಸಿನಿಮಾದ ವಾಸನೆ.

ನನ್ನ ಹವ್ಯಾಸ ಹೇಳದೆ ಇದು ಅರ್ಥವಾಗುವಂಥದ್ದಲ್ಲ. ನಾನು ಹಳೆಯ, ಹೊಸ ಸಿನಿಮಾ ಪೋಸ್ಟರುಗಳನ್ನು ಕೂಡಿಡುತ್ತೇನೆ. ಸಿನಿಮಾ ನೋಡುವುದು ಕಡಿಮೆ. ಮೂರು ತಾಸು ಕತ್ತಲಲ್ಲಿ ಕೂತರೆ, ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಹತ್ತುತ್ತದೆ. ಪೋಸ್ಟರಿನಲ್ಲಿ ನಾಯಕ ಬಂದೂಕು ಹಿಡಿದಾಗಿದೆ, ನಾಯಕಿ ಅತ್ತಾಗಿದೆ, ಮುಂದೇನೋ ಎಂದು ಕಾಯಬೇಕಿಲ್ಲ. ಆದರೆ ಚಿಂತೆಗೆ ಬೇರೆ ಬಾಗಿಲು ಗೊತ್ತಿರುತ್ತದೆ: ಮಳೆಗಾಲದ ತೇವ, ಇಲಿ, ಕಾಗದ ತಿನ್ನುವ ಹುಳ. ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪು ಕತ್ತರಿಸಿ, ಪೋಸ್ಟರುಗಳನ್ನು ಸುರುಳಿ ಸುತ್ತಿ ಅದರೊಳಗಿಟ್ಟು, ಗುಳಿಗೆ ಡಬ್ಬಿಯಲ್ಲಿ ಬರುವ ತೇವ ಹೀರುವ ಪುಡಿಕೆಗಳನ್ನೂ ಹಾಕಿ, ಎರಡೂ ಬಾಯಿ ಮುಚ್ಚಿ ಜಂತಿಗೆ ತೂಗುಹಾಕಿದ್ದೇನೆ. ಮನೆಗೆ ಬಂದವರು ತಲೆ ಎತ್ತಿ ನೋಡಿ, "ಬೋರ್ ಹೊಡಸಾಕತ್ತೀರೇನ್ರಿ?" ಎನ್ನುತ್ತಾರೆ.

"ಹೊಡಸಾಕ ಹತ್ತಿ ಇಪ್ಪತ್ತು ವರ್ಷ ಆತ್ರಿ, ನೀರು ಬಿದ್ದಿಲ್ಲ" ಎಂದು ನನ್ನ ಹೆಂಡತಿ ಗಿರಿಜಾ ಒಳಗಿನಿಂದಲೇ ಉತ್ತರಿಸುತ್ತಾಳೆ.

ಈ ಹುಚ್ಚು ಹತ್ತಿಸಿದವರು ಹಜರೇಸಾಬರು. ಸವಣೂರಿನ ಟಾಕೀಜಿಗೆ ಪೋಸ್ಟರ್ ಹಚ್ಚುವ ಕೆಲಸ ಅವರದು. ಸೈಕಲ್ಲಿಗೆ ಏಣಿ ಕಟ್ಟಿಕೊಂಡು, ಹ್ಯಾಂಡಲಿಗೆ ಬಕೆಟ್ ತೂಗುಹಾಕಿಕೊಂಡು ಹತ್ತಿಮತ್ತೂರು, ಬಂಕಾಪುರ, ಶಿಗ್ಗಾವಿ ಎಂದು ತಿರುಗುತ್ತಿದ್ದರು. ಪೋಸ್ಟರು ಅಚ್ಚಾಗಿ ಬರುತ್ತಿದ್ದುದು ಎಲ್ಲ ಊರಿಗೂ ಒಂದೇ. ಯಾವ ಊರು, ಎಷ್ಟು ಆಟ ಎನ್ನುವುದನ್ನು ಅವರೇ ಬಿಳಿ ಕಾಗದದ ಪಟ್ಟಿಯ ಮೇಲೆ ನೀಲಿ ಬಣ್ಣದಲ್ಲಿ ಬರೆದು ಕೆಳಗೆ ಅಂಟಿಸುತ್ತಿದ್ದರು. 'ಸವಣೂರಿನಲ್ಲಿ ದಿನಾಲು ಮೂರು ಆಟ' ಎಂಬುದು ಮಾಲಕರು ಹೇಳಿದ್ದು. 'ಕಣ್ಣೀರು ಬರತಾವು, ವಸ್ತ್ರ ತರ್ರಿ' ಎಂಬಂಥವು ಅವರು ತಮ್ಮ ಕೈಯಿಂದ ಸೇರಿಸಿದ್ದು.

ನನಗೆಂದು ಒಂದು ಪೋಸ್ಟರನ್ನು ಗೋಡೆಗೆ ಹಚ್ಚದೆ ಉಳಿಸಿ ತಂದುಕೊಡುತ್ತಿದ್ದರು. ವಿಚಿತ್ರವೆಂದರೆ ಅದಕ್ಕೂ ಆ ಪಟ್ಟಿಯ ಚೀಟಿ ಅಂಟಿಸಿಯೇ ತರುತ್ತಿದ್ದರು. ಮನೆಯಲ್ಲಿಡುವ ಪೋಸ್ಟರಿಗೆ ಚೀಟಿ ಯಾಕೆಂದು ಕೇಳಿದರೆ, "ಬಾಸಿಂಗ ಇಲ್ಲದ ಮದುಮಗನ್ನ ಹೆಂಗ ಕಳಸ್ಲಿರಿ?" ಎನ್ನುತ್ತಿದ್ದರು.

ಅವರ ಸೈಕಲ್ಲು ಓಣಿ ದಾಟುವುದೇ ತಡ, ನಾನು ನೀರು ಕಾಯಿಸುತ್ತಿದ್ದೆ. ಪೋಸ್ಟರೆಂದರೆ ಅಚ್ಚಿನಿಂದ ಬಂದಂತೆ ಇರಬೇಕು, ಕಲೆ ಇರಬಾರದು ಎಂದು ಎಲ್ಲಿಯೋ ಓದಿದ್ದೆ. ಅಂಗಡಿಯ ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಚೀಟಿಯನ್ನು ನೆನೆಸಿ, ಚೂರು ಚೂರಾಗಿ ಕೆರೆದು ತೆಗೆದು, ಗಾಯ ತೊಳೆದ ಕಂಪೌಂಡರನಂತೆ ಬೀಗುತ್ತಿದ್ದೆ. ಒಂದು ಸಲ ಮರೆತ ಏಣಿಗೆಂದು ಹಜರೇಸಾಬರು ತಿರುಗಿ ಬಂದವರು ನೋಡಿಯೇಬಿಟ್ಟರು.

"ಈ ಪೋಸ್ಟರ್ ಬೆಳಗಾವಿಗೂ ಹೋಗಿರತೈತಿ, ಮೈಸೂರಿಗೂ ಹೋಗಿರತೈತಿ. ಚೀಟಿ ಕಿತ್ತ ಮ್ಯಾಲೆ ಇದು ಯಾವೂರದ್ರಿ?"

"ಕಲೆ ಕಾಣತೈತ್ರಿ" ಎಂದೆ.

ಅವರು ನಕ್ಕರು. ಮುಂದಿನ ವಾರವೂ ಪೋಸ್ಟರ್ ಬಂತು, ಚೀಟಿಯೊಂದಿಗೆ. ಅಂಟು ಮಾತ್ರ ಮೊದಲಿಗಿಂತ ದಪ್ಪ ಇತ್ತು. ಕೀಳಲು ಮಧ್ಯಾಹ್ನವಿಡೀ ಹಿಡಿಯಿತು.

ಟಾಕೀಜು ಮುಚ್ಚಿ ಅಲ್ಲಿ ಈಗ ಮದುವೆಗಳಾಗುತ್ತವೆ. ಹೊಸ ಪೋಸ್ಟರುಗಳನ್ನು ಹಾನಗಲ್ಲಿನ ಚಿತ್ರಮಂದಿರದವರೊಬ್ಬರು ಎತ್ತಿಟ್ಟು ಕೊಡುತ್ತಾರೆ. ನುಣ್ಣಗೆ ಹೊಳೆಯುತ್ತವೆ, ಚೀಟಿಯ ಕಾಟವಿಲ್ಲ. ಎರಡು ವರ್ಷದ ಹಿಂದೆ ಹಜರೇಸಾಬರು ತೀರಿಕೊಂಡಾಗ ಅಂಗಡಿ ಮುಚ್ಚಿ ಮಣ್ಣಿಗೆ ಹೋಗಿ ಬಂದೆ. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ.

ಕಳೆದ ಶ್ರಾವಣದಲ್ಲಿ ಅವರ ಮಗಳು ಮೆಹಬೂಬಿ ಅಂಗಡಿಗೆ ಬಂದಳು. ಹತ್ತಿಮತ್ತೂರಿಗೆ ಕೊಟ್ಟ ಹೆಣ್ಣು, ಅಲ್ಲಿಯೇ ಹೊಲಿಗೆ ಕೆಲಸ. ಔಷಧಕ್ಕೆ ಬಂದಿದ್ದಾಳೆಂದು ಚೀಟಿಗೆ ಕೈ ಚಾಚಿದೆ.

"ಚೀಟಿ ನಾ ತಂದಿಲ್ರಿ ಅಣ್ಣಾರ, ನಿಮ್ಮ ಕಡೆ ಕೇಳಾಕ ಬಂದೇನಿ. ಅಪ್ಪ ಪೋಸ್ಟರಿಗೆ ಹಚ್ತಿದ್ನಲ್ರಿ, ಅವು. ಅವ್ವ ಭಾಳ ನೆನಸಾಕತ್ತಾಳ. ಅಪ್ಪ ಒಂದ ಪತ್ರಾನೂ ಬರದವನಲ್ಲ. ಬರದದ್ದೆಲ್ಲಾ ಗ್ವಾಡಿಗೆ ಹಚ್ಚಿಬಿಟ್ಟ. ಗ್ವಾಡಿದು ಮಳಿಗೆ ಹೋತು. ನಿಮ್ಮ ಮನ್ಯಾಗಿಂದು ಎಲ್ಲಿ ಹೋಗತೈತಿ? ಒಂದ ಕೊಟ್ಟರ ಸಾಕ್ರಿ."

"ಹುಡುಕ್ತೇನಿ ತಡಿಯವಾ" ಎಂದೆ. ಹುಡುಕುವುದೇನಿತ್ತು? ಆದರೂ ಮೂರು ದಿನ ಪೈಪು ಇಳಿಸಿದೆ, ಏರಿಸಿದೆ. ಒಂದಕ್ಕಿಂತ ಒಂದು ಸ್ವಚ್ಛ. ಬೆಳಗಾವಿಯವೂ ಆಗಬಹುದು, ಮೈಸೂರಿನವೂ ಆಗಬಹುದು.

ಉಳಿದದ್ದು ಒಂದೇ ದಾರಿ. ಬಂಕಾಪುರದಲ್ಲಿ ರಸ್ತೆ ಅಗಲ ಮಾಡಲು ಒಂದು ಗೋಡೆ ಕೆಡವಿದಾಗ, ಅದರಿಂದ ಒಂದರ ಮೇಲೊಂದು ಹಚ್ಚಿದ ಎರಡು ಪೋಸ್ಟರುಗಳನ್ನು ರೊಟ್ಟಿಯಂತೆ ಇಡಿಯಾಗಿ ಎಬ್ಬಿಸಿ ತಂದಿದ್ದೆ. ಮೇಲಿನದು ಕೈಯಿಂದ ಬರೆದ ಚಿತ್ರದ ಅಚ್ಚು: ಹಸಿರು ಮುಖದ ಖಳನಾಯಕ, ನಡುವೆ ಒಂದು ಹುಬ್ಬು ಏರಿಸಿದ ನಾಯಕಿ. ನನ್ನಲ್ಲಿರುವುದರಲ್ಲೆಲ್ಲ ಅದೇ ಮೇಲು; ಪೈಪಿಗೆ ಹಾಕದೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೆ. ನಾಯಕಿಯ ಮುಖದ ಮೇಲೆ ಕೈಯಾಡಿಸಿದರೆ ಅಡಿಯಲ್ಲಿ ಪಟ್ಟಿಯಾಕಾರದ ಉಬ್ಬು ಹತ್ತುತ್ತದೆ. ಬೆಳಕಿಗೆ ಹಿಡಿದರೆ ನೀಲಿ ನೆರಳು. ಮೇಲಿನದರ ಚೀಟಿಯನ್ನು ಆಗಲೇ ಕಿತ್ತಿದ್ದೆ; ಇದು ತುಸು ಮೇಲಕ್ಕೆ ಹಚ್ಚಿದ್ದ ಅಡಿಯ ಪೋಸ್ಟರಿನ ಚೀಟಿ. ಅದು ಬೇಕಾದರೆ ಮುಖ ಹೋಗಬೇಕು. ಎರಡನ್ನೂ ಉಳಿಸುತ್ತೇನೆಂದು ಹಿಂದೊಮ್ಮೆ ಬೇರೆ ಜೋಡಿಯ ಮೇಲೆ ಪ್ರಯೋಗ ಮಾಡಿ ಎರಡನ್ನೂ ಕಳೆದುಕೊಂಡಿದ್ದೆ.

"ಆಕಿ ಮಾರಿ ಹೋದ್ರ ನಿಮಗೇನಾಗತೈತ್ರಿ?" ಎಂದಳು ಗಿರಿಜಾ.

"ಇಡೀ ಪೋಸ್ಟರ್ ಆಕಿ ಮಾರಿ ಮ್ಯಾಲ ನಿಂತೈತಿ."

"ಹಂಗಾದ್ರ ಮೆಹಬೂಬಿಗೆ ಇಲ್ಲ ಅಂತ ನೀವ ಹೇಳ್ರಿ. ನನ್ನ ಮುಂದ ಮಾಡಬ್ಯಾಡ್ರಿ."

ಎರಡು ದಿನ ಹಾಗೇ ತಳ್ಳಿದೆ. ಬಿಪಿ ನೋಡಿಕೊಂಡೆ, ಸರಿಯಿತ್ತು, ಅದೂ ಒಂದು ಚಿಂತೆಯಾಯಿತು. ಮೂರನೆಯ ದಿನ ನೀರು ಕಾಯಿಸಿದೆ. ಅದೇ ಹತ್ತಿ, ಅದೇ ಬೆರಳು. ಮೊದಲು ಏರಿಸಿದ ಹುಬ್ಬು ಹೋಯಿತು, ಆಮೇಲೆ ಕಣ್ಣು, ಮೂಗು. ತುಟಿ ಹೋಗುವ ಹೊತ್ತಿಗೆ ನೀಲಿ ಅಕ್ಷರ ಎದ್ದವು: 'ಮಳಿ ಬಂದರೂ ಆಟ ಐತಿ.' ಅಡಿಯ ಕಾಗದ ಸಮೇತ ಆ ಪಟ್ಟಿಯನ್ನು ಕತ್ತರಿಸಿ ತೆಗೆದೆ.

ಮನೆಗೆ ಬಂದ ಮೆಹಬೂಬಿ ಅದನ್ನು ಓದಲಿಲ್ಲ. ಅಕ್ಷರಗಳ ಮೇಲೆ ಮುಟ್ಟದಂತೆ ಬೆರಳು ಓಡಿಸಿದಳು. "ಹೌದ್ರಿ, ಅಪ್ಪಂದ" ಎಂದಳು. ತಲೆ ಎತ್ತಿ ಜಂತಿಯ ಪೈಪುಗಳನ್ನು ನೋಡಿ ಕೇಳಿದಳು: "ಉಳದವು?"

ಗುಳಿಗೆ ಇಲ್ಲವೆಂದರೆ 'ನಾಳೆ ಬರತೈತಿ' ಎನ್ನುವುದು ನಮ್ಮ ಅಂಗಡಿಯ ರೂಢಿ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. "ನಾನ ಕಿತ್ತೆವಾ. ಬಿಸಿನೀರು ಹಾಕಿ, ಎಲ್ಲಾ."

"ಅಪ್ಪಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವಳು ಪಟ್ಟಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತ ಕೂತಳು. ಆಮೇಲೆ ಅವಳಿಗೇ ಏನೋ ಹೊಳೆದಂತಾಯಿತು. "ಅದಕ್ಕ ನೋಡ್ರಿ. ಔಷಧ ಅಂಗಡಿಯವರದು ಒಂದೈತಿ, ಹಿಟ್ಟು ಇನ್ನೊಂದೀಟು ಗಟ್ಟಿ ಮಾಡು ಅಂತ ಅಪ್ಪ ಅವ್ವಗ ಹೇಳ್ತಿದ್ದ. ಯಾಕಂತ ನಮಗ ತಿಳೀತಿರಲಿಲ್ಲ." ಅವಳು ನಕ್ಕಳು. ನನಗೆ ನಗಲು ಬರಲಿಲ್ಲ.

ಪೋಸ್ಟರ್ ನಡುಮನೆಯಲ್ಲಿ ಈಗಲೂ ಇದೆ. ಮುಖವಿದ್ದ ಕಡೆ ತೂತು, ತೂತಿನಲ್ಲಿ ನಮ್ಮ ಮನೆಯ ಗೋಡೆ.

ಮೊನ್ನೆ ಬಸ್ ನಿಲ್ದಾಣದ ಹಿಂದೆ ಅಷ್ಟು ಹೊತ್ತು ನಿಂತದ್ದು ಬರೀ ವಾಸನೆಗಲ್ಲ. ಆತ ಜಾಹೀರಾತಿನ ಕೆಳಗೆ ಒಂದು ಚೀಟಿ ಹಚ್ಚಿದ: 'ಸೋಮವಾರ ಹಿರೇಕೆರೂರ, ಮಂಗಳವಾರ ಹಾನಗಲ್ಲ, ಬುಧವಾರ ಇಲ್ಲೇ.' ಕೈಬರಹ, ಸ್ವಲ್ಪ ಎಡಕ್ಕೆ ವಾಲಿತ್ತು.

"ಇದನ್ನ ಬರದವರು ಯಾರ್ರಿ?" ಎಂದೆ.

ಆತ ನನ್ನ ಕನ್ನಡಕ, ಜೇಬಿನ ಪೆನ್ನು ನೋಡಿ ಪುರಸಭೆಯವನೆಂದೇ ತಿಳಿದ. "ನಾನರೀ ಸಾಹೇಬ್ರ. ತಪ್ಪಾತು, ಇನ್ನೂ ಹಸಿ ಐತಿ, ಈಗ ಕಿತ್ತಬಿಡ್ತೇನಿ" ಎನ್ನುತ್ತ ಚೀಟಿಯ ಮೂಲೆಗೆ ಉಗುರು ಹಾಕಿದ.

"ಕೀಳಬ್ಯಾಡ್ರಿ" ಎಂದೆ. ಆತ ನಂಬದೆ ನನ್ನನ್ನೇ ನೋಡುತ್ತ ನಿಂತ. ನಾನು ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸಿ, ಅಂಟು ಮೆತ್ತಿದ ಕೈಯಲ್ಲಿಯೇ ಅಂಗಡಿಗೆ ಹೋದೆ.