ಬೇವಿನ ಗಿಡಕ್ಕೆ ಹಾಕಿದ ಗೊಬ್ಬರ

ರಸ್ತೆ ಬದಿಗೆ ಬೇವಿನ ಸಸಿ ಹಚ್ಚಿಸುವ ಕೆಲಸ ನನ್ನದು. ಬೇವು ಬಲು ಗಟ್ಟಿ ಗಿಡ, ಎಂಥ ಬಿಸಿಲನ್ನೂ ತಡೆಯುತ್ತದೆ. ಕಬ್ಬಿನ ರೈತರನ್ನು ತಡೆಯುವುದೇ ಕಷ್ಟ.

ಸದಲಗಾ ಹತ್ತಿರ ಗುಂಡಿ ತೋಡಿಸುತ್ತಿದ್ದೆ. ಪಕ್ಕದ ಹೊಲದ ಬಾಬಣ್ಣ ಬೈಕ್ ನಿಲ್ಲಿಸಿ ಒದರಿದ.

"ಏ ಸಾಹೇಬ್ರ, ಇಲ್ಲಿ ಬ್ಯಾಡ್ರಿ! ನೆರಳು ಬಿದ್ರ ಕಬ್ಬು ಬೆಳ್ಯಾಂಗಿಲ್ಲ. ರಸ್ತೆ ಆ ಕಡಿ ನನ್ನ ತಮ್ಮನ ಹೊಲ ಐತಿ, ಅಲ್ಲಿ ಹಚ್ರಿ."

ರಸ್ತೆ ದಾಟಿದೆ. ತಮ್ಮ ರಾವಸಾಬ ಇನ್ನೂ ಧಾರಾಳಿ.

"ನಮ್ಮ ಕಡಿ ಬ್ಯಾಡ್ರಿ. ಅಣ್ಣನ ಕಡಿ ಹಚ್ರಿ, ಬೇಕಾದ್ರ ನೀರು ನಾ ಹಾಕ್ತೇನಿ!"

ಈ ಮಾತನ್ನು ಬಾಬಣ್ಣನಿಗೆ ಮುಟ್ಟಿಸಿದ್ದೇ ತಡ, ಅವನ ಮುಖ ಕೆಂಪೇರಿತು.

"ಹೌದ? ಹಂಗಾದ್ರ ನನ್ನ ಕಡಿ ಒಂದು ಹಚ್ಚಿ ಸಾಯ್ರಿ. ಅವನ ಕಡಿನೂ ಒಂದು ಹಚ್ರಿ. ಅದಕ್ಕ ನೀರು ನಂದು. ನೋಡೇ ಬಿಡೋಣು!"

ಅಂದಿನಿಂದ ಅಣ್ಣ ತಮ್ಮನ ಗಿಡಕ್ಕೆ, ತಮ್ಮ ಅಣ್ಣನ ಗಿಡಕ್ಕೆ ನೀರು ಹೊತ್ತದ್ದೇ ಹೊತ್ತದ್ದು. ಆಡು ಬಾಯಿ ಹಾಕದಂತೆ ಜಾಲಿಮುಳ್ಳಿನ ಬೇಲಿ ಬೇರೆ. ಉಳಿದ ಸಸಿಗಳು ಒಣಗಿ ಹೋದವು, ಇವೆರಡು ಆಳೆತ್ತರ ದಾಟಿ ಕೊಡೆಯಂತೆ ಹರಡಿಕೊಂಡವು. ಈಗ ಮಧ್ಯಾಹ್ನ ಇಬ್ಬರೂ ತಾವು ಬೆಳೆಸಿದ ಗಿಡದ ಕೆಳಗೇ ಮಲಗುತ್ತಾರೆ. ಅಂದರೆ ಇವನು ಅವನ ಕಡೆ, ಅವನು ಇವನ ಕಡೆ.

ಮೊನ್ನೆ ನಮ್ಮ ಮೇಲಧಿಕಾರಿ ಬಂದವರು ಗಿಡ ನೋಡಿ ಬೆರಗಾದರು.

"ಯಾವ ಗೊಬ್ಬರ ಹಾಕಿಸ್ದಿಪಾ?"

"ಹೊಟ್ಟಿಕಿಚ್ಚು ರೀ," ಅಂದೆ. "ನಮ್ಮ ಕಡಿ ಮನಿಮನ್ಯಾಗ ತಯಾರಾಗತೈತಿ."