ಟಿವಿಯೊಳಗೆ ಮಸುಕಾಗುತ್ತಿದ್ದ ನಮ್ಮನೆಯವರು

ಸಿಕ್ಕಿತು ಮಾರಾಯ್ರೆ, ನಮ್ಮನೆಯವರ ಮುಖ ಸಿಕ್ಕಿತು. ಮೂಗಿನ ಪಕ್ಕದ ಮಚ್ಚೆ ಸಮೇತ ಸಿಕ್ಕಿತು. ಇವತ್ತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳಿದ್ದಾಯಿತು. ನೀವೊಬ್ಬರು ಉಳಿದಿದ್ದಿರಿ, ಕೂತುಕೊಳ್ಳಿ.

ಅವರು ಹೋಗಿ ಎಷ್ಟೋ ಮಳೆಗಾಲವಾಯಿತು. ಗೋಡೆಯ ಮೇಲಿರುವುದು ವೋಟಿನ ಕಾರ್ಡಿನಿಂದ ದೊಡ್ಡದು ಮಾಡಿಸಿದ ಫೋಟೋ. ಅದರಲ್ಲಿ ಯಾರ ಮೇಲೋ ಸಿಟ್ಟಾಗಿ ಕೂತ ಹಾಗಿದ್ದಾರೆ. ಅಂಥ ಜನವೇ ಅಲ್ಲ. ನಡೆದಾಡುವ ಅವರು ಇದ್ದದ್ದು ಟಿವಿಯಲ್ಲಿ ಮಾತ್ರ. ಮರವಂತೆಯಲ್ಲಿ ಕಡಲು ನಮ್ಮ ಹಿತ್ತಲಿಗೇ ಬಂದ ವರ್ಷ ಕ್ಯಾಮೆರಾದವರು ಬಂದಿದ್ದರು. ನಾಲ್ಕು ಜನರ ಜೊತೆ ದೋಣಿ ಎಳೆಯುತ್ತಾ ಇವರು ಒಮ್ಮೆ ಹಿಂತಿರುಗಿ ನೋಡುತ್ತಾರೆ. ಅಷ್ಟೇ. ಮತ್ತೆ ಎಲ್ಲಿ ಕಡಲ್ಕೊರೆತವಾದರೂ ಟಿವಿಯವರು ಹಾಕುವುದು ಅದನ್ನೇ. ಊರಿನವರು ಕಡಲು ಬರದಿರಲಿ ಎಂದು ಕೈಮುಗಿದರೆ, ನಾನು ಸುದ್ದಿಯಾಗುವಷ್ಟಾದರೂ ಬರಲಿ ಎಂದುಕೊಂಡ ಮುದುಕಿ.

ಆದರೆ ವರ್ಷ ಹೋದಂತೆ ಅವರು ಮಸುಕಾದರು. ಮೊದಲು ಮಚ್ಚೆ ಹೋಯಿತು, ಆಮೇಲೆ ಕಣ್ಣು, ಕಡೆಗೆ ಮುಖವೇ ಒಂದು ಕಲೆ. ಇಲ್ಲಿಯ ಉಪ್ಪುಗಾಳಿ ಬೀಗವನ್ನೇ ತಿನ್ನುತ್ತದೆ, ಟಿವಿಯನ್ನು ಬಿಡುತ್ತದೆಯೇ ಎಂದು ಗಾಜಿಗೆ ಸೀಮೆಎಣ್ಣೆ ಹಾಕಿ ಉಜ್ಜಿದೆ. ಮಗನಿಂದ ಬೈಸಿಕೊಂಡೆ. ದೋಷ ಕಣ್ಣಿನದೇ ಎಂದು ಕುಂದಾಪುರದಲ್ಲಿ ಪೊರೆ ತೆಗೆಸಿದೆ. ಅಕ್ಕಿಯೊಳಗಿನ ಕಲ್ಲು ಕಂಡಿತು, ಸೊಸೆಯ ಹುಬ್ಬಿನ ಗಂಟು ಕಂಡಿತು. ಅವರು ಕಾಣಲಿಲ್ಲ. ಮನೆ ತುಂಬ ಜನ. ಆದರೂ ಯಾರ ಹತ್ತಿರ ಹೇಳುವುದು? ಅವರು ಎರಡನೇ ಸಲ ಹೋಗುತ್ತಿದ್ದಾರೆ ಎಂದರೆ ನಗುತ್ತಾರೆ.

ಕಡೆಗೆ ಹೇಳಿದ್ದು ಮೊಮ್ಮಗಳು ನಮಿತಾಳಿಗೆ. ಕೋಟೇಶ್ವರದ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಜೋಡಿಸುವ ಕೆಲಸ ಅವಳದು. ಅವಳು ನಗಲಿಲ್ಲ. ಒಂದು ಚಾನೆಲಿನಿಂದ ಇನ್ನೊಂದಕ್ಕೆ ಕಳಿಸುವಾಗ ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತಾರಂತೆ. ತೆಗೆದುಕೊಂಡವರು ಬಿಡಿಸಿ, ತಮ್ಮ ಪರದೆಗೆ ಹಿಗ್ಗಿಸಿ, ಮತ್ತೆ ಹಿಂಡಿ ಮುಂದಿನವರಿಗೆ ದಾಟಿಸುತ್ತಾರಂತೆ. ಪ್ರತಿ ಸಲವೂ ಏನಾದರೊಂದು ಉದುರುತ್ತದೆ, ಉದುರಿದ್ದು ಮರಳುವುದಿಲ್ಲ ಎಂದಳು. ಮೀನು ಮಾರಿದ ನನಗೆ ಅರ್ಥವಾಗದೆ? ಒಣಗಿಸಿದ ಬಂಗುಡೆಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆ, ಹಸಿ ಬಂಗುಡೆಯಾಗುವುದಿಲ್ಲ.

"ಹಂಗಾರೆ ಹಸಿ ಚಿತ್ರ ಎಲ್ಲಿತ್?" ಎಂದೆ.

"ತೆಗ್ದರ್ ಹತ್ರ ಇಪ್ಕೂ ಸಾಕ್, ಅಮ್ಮಮ್ಮ."

ಇದ್ದರೂ ಇರಬಹುದು ಎಂದವಳು ಬೈಂದೂರಿನಲ್ಲಿ ಆ ಕ್ಯಾಮೆರಾದವರನ್ನು ಹುಡುಕಿ, ಅವರ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡು, ನಿನ್ನೆ ಬೆಳಿಗ್ಗೆ ತಂದು ಹಾಕಿದಳು. ಮಚ್ಚೆ ಇತ್ತು. ನಾನು ಬಯಸಿದ್ದು ಅಷ್ಟೇ. ಆದರೆ ಟಿವಿಯವರು ಇಷ್ಟು ವರ್ಷ ತಮ್ಮ ವರದಿಯ ಮಾತು ಹೊದಿಸಿ ಮುಚ್ಚಿದ್ದ ಅವರ ಸ್ವರವೂ ಅಲ್ಲಿತ್ತು. ಹಿಂತಿರುಗಿ ನೋಡಿದ್ದು ಕ್ಯಾಮೆರಾವನ್ನಲ್ಲ, ಅದರ ಹಿಂದೆ ಸೆರಗು ಕಚ್ಚಿ ನಿಂತಿದ್ದ ನನ್ನನ್ನು, ಊಟಕ್ಕೆ ಬರುತ್ತೇನೆ ಎನ್ನಲು.

"ಎಂತ ಕಾಂಬುದ್? ಗಂಜಿ ಬಡ್ಸ್, ಬತ್ತೆ."

ಮಗ ಎದ್ದು ಅಂಗಳಕ್ಕೆ ಹೋದ. ನಮಿತಾ ಕೇಳುವ ಮೊದಲೇ ಇನ್ನೊಮ್ಮೆ ಹಾಕಿದಳು.

ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕೂತೆವು. ಮಳೆಗಾಲದಲ್ಲಿ ಅವರು ಯಾವಾಗ ಕಾಣುತ್ತಾರೋ ಎಂದು ನಾನು ಟಿವಿಯೆದುರು ಒಬ್ಬಳೇ ಉಣ್ಣುವುದು ರೂಢಿ, ಸೊಸೆ ಬಟ್ಟಲನ್ನು ಅಲ್ಲಿಗೇ ತಂದಳು. ಬೇಡವೆಂದು ಒಳಗೆ ಹೋಗಿ ಎಲ್ಲರ ನಡುವೆ ಜಾಗ ಮಾಡಿಸಿಕೊಂಡು ಕೂತೆ. ಮಗ ದೊಡ್ಡ ಮೀನೊಂದನ್ನು ನನ್ನ ಬಟ್ಟಲಿಗೆ ದಾಟಿಸಿದ. ಹೊರಗೆ ಕಡಲು ಅಬ್ಬರಿಸುತ್ತಿತ್ತು. ನಾನು ಇನ್ನೊಂದು ಸೌಟು ಅನ್ನ ಕೇಳಿದೆ.